ಅತ್ತೆಗೆ ನೂರ ಹದಿನಾಲ್ಕು, ಸೊಸೆಗೆ ನೂರ ಹದಿನೇಳು

ನನ್ನ ಮಗಳಿಗೆ ಮೂರು ತಿಂಗಳು ತುಂಬಿದ ದಿನ ನನ್ನ ಹೆಂಡತಿ ಶಶಿರೇಖಾ ತೊಟ್ಟಿಲು ತೂಗುತ್ತ, ಮಗುವಿಗೆ ಝಿಯಾನ್ಷಿ ಎಂದು ಹೆಸರಿಡುವುದಾಗಿ ಹೇಳಿದಳು. ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ನನ್ನ ಅವ್ವ ಕೊಟ್ರಮ್ಮನ ಕೈ ಅಲ್ಲಿಗೇ ನಿಂತಿತು.

"ಏನಂದೆ?"

"ಝಿಯಾನ್ಷಿ."

ಅವ್ವ ನನ್ನ ಕಡೆ ತಿರುಗಿದಳು. "ತಿಪ್ಪೇಶ, ಯಾರಾದ್ರೂ ಸೀನಿದ್ರೇನೋ?"

ಯಾರೂ ಸೀನಿಲ್ಲ, ಅದು ಹೆಸರು ಎಂದೆ. ಅವ್ವ ರೊಟ್ಟಿಯನ್ನು ಹಂಚಿನ ಮೇಲೆ ಎಸೆದಳು. "ಇದು ಹೊಟ್ಟೆಯಾಗಿದ್ದಾಗ್ಲೇ ನಾನು ಅಂದ್ಕೊಂಡಿದ್ದೆ, ನಮ್ಮವ್ವನ ಹೆಸರಿಡಬೇಕು ಅಂತ. ಹಾಲಮ್ಮ. ಕರೆದ್ರೆ ಬಾಯಿ ತುಂಬ ಬರ್ತೈತೆ. ಇವಳು ಹೇಳೋದು ಕರೆದ್ರೆ ಮೂಗಿನಾಗೆ ಬರ್ತೈತೆ."

ಶಶಿರೇಖಾ ವಾದ ಮಾಡಲಿಲ್ಲ. ತೊಟ್ಟಿಲು ತೂಗುವುದನ್ನು ನಿಲ್ಲಿಸದೆ ಎಡಗೈ ಎತ್ತಿ ಬಾಗಿಲಿನ ಮೇಲುಪಟ್ಟಿ ತೋರಿಸಿದಳು. ಅಲ್ಲಿ ಸುಣ್ಣದಲ್ಲಿ ದಪ್ಪಗೆ ಬರೆದಿತ್ತು: ಶಶಿರೇಖಾ ನೂರ ಐದು, ತಿಪ್ಪೇಶ ಒಂಬತ್ತು, ಕೊಟ್ರಮ್ಮ ಸೊನ್ನೆ.

ನಮ್ಮೂರಿನಲ್ಲಿ, ಮನೆಯೊಳಗೆ ಯಾರ ಕ್ರೆಡಿಟ್ಟು ಹೆಚ್ಚೋ ಅವರ ಮಾತೇ ಮಾತು. ಗುಡ್ಡದ ಮೇಲಿನ ಕಾಲೇಜಿನಲ್ಲಿ ಪ್ರತಿ ಭಾನುವಾರ ಪರೀಕ್ಷೆ ನಡೆಯುತ್ತದೆ. ಯಾರು ಬೇಕಾದರೂ ಹೋಗಿ ತಮಗೆ ಗೊತ್ತಿರುವ ಒಂದು ವಿಷಯ ಬರೆಯಬಹುದು. ಪಾಠ ಕೇಳಬೇಕಾಗಿಲ್ಲ, ಪಾಠ ಹೇಳುವವರೂ ಇಲ್ಲ. ನೂರು ಪ್ರಶ್ನೆ, ಒಂದೊಂದಕ್ಕೆ ನಾಲ್ಕು ಉತ್ತರ, ಸರಿಯಾದುದರ ಎದುರಿನ ಸೊನ್ನೆಯನ್ನು ಪೆನ್ಸಿಲ್ಲಿನಿಂದ ಕಪ್ಪು ಮಾಡಬೇಕು. ಮೂವತ್ತೈದು ಬಂದರೆ ಪಾಸು, ಮೂರು ಕ್ರೆಡಿಟ್ಟು. ಅರವತ್ತು ದಾಟಿದರೆ ದುಪ್ಪಟ್ಟು. ಸೋಮವಾರ ಸಂಜೆ ಕಾಲೇಜಿನ ಮಲ್ಲಾರಿ ಏಣಿ, ಸುಣ್ಣದ ಬಕೆಟ್ಟು ಹೊತ್ತು ಬೀದಿ ಬೀದಿ ಬಂದು ಎಲ್ಲರ ಬಾಗಿಲ ಮೇಲಿನ ಅಂಕಿ ತಿದ್ದುತ್ತಾನೆ. ಹೆಣ್ಣು ನೋಡಲು ಬಂದವರು ಮೊದಲು ಬಾಗಿಲು ನೋಡಿ, ಯಾರಿಗೆ ಮೊದಲು ಕೈ ಮುಗಿಯಬೇಕೆಂದು ತಿಳಿದುಕೊಂಡೇ ಒಳಗೆ ಬರುತ್ತಾರೆ. ನಮ್ಮ ಎದುರುಮನೆಯ ಟೈಲರ್ ಹೊನ್ನಪ್ಪನ ತಂದೆಗೆ ನೂರ ಹನ್ನೊಂದು; ಅವರಿಗೆ ಬದನೆಕಾಯಿ ಆಗದು ಎಂಬ ಒಂದೇ ಕಾರಣಕ್ಕೆ ಆ ಮನೆಯಲ್ಲಿ ಹನ್ನೆರಡು ವರ್ಷದಿಂದ ಯಾರೂ ಬದನೆಕಾಯಿ ತಿಂದಿಲ್ಲ. ಹೊನ್ನಪ್ಪ ನಮ್ಮ ಮನೆಗೆ ಬಂದು ಎಣ್ಣೆಗಾಯಿ ತಿಂದು, ಬಾಯಿ ತೊಳೆದುಕೊಂಡು ಹೋಗುತ್ತಾನೆ.

ಆದರೆ ಒಂದು ಎಚ್ಚರ ಬೇಕು. ನೂರ ಇಪ್ಪತ್ತು ತುಂಬಿತೋ, ಕಾಲೇಜಿನವರು ಆ ನೂರ ಇಪ್ಪತ್ತನ್ನೂ ತಾವೇ ತೆಗೆದುಕೊಂಡು ಬದಲಿಗೆ ಕಟ್ಟು ಹಾಕಿಸಿದ ಒಂದು ಪದವಿ ಪತ್ರ ಕೊಟ್ಟುಬಿಡುತ್ತಾರೆ. ಬಾಗಿಲ ಮೇಲೆ ಸೊನ್ನೆ ಉಳಿಯುತ್ತದೆ. ಹಾಗಾಗಿ ನೂರ ಹದಿನೇಳು ಮುಟ್ಟಿದವರು ಆಮೇಲೆ ಪೆನ್ಸಿಲ್ಲನ್ನು ಹಾವಿನಂತೆ ದೂರ ಇಡುತ್ತಾರೆ. ಇಷ್ಟು ದೊಡ್ಡ ಕಾಲೇಜಿದ್ದೂ ನಮ್ಮೂರಿನಲ್ಲಿ ಒಬ್ಬ ಪದವೀಧರನಿರಲಿಲ್ಲ.

ನಮ್ಮ ಮನೆತನದಲ್ಲಿ ಹೆಸರಿಡುವುದು ಮಗುವಿಗೆ ವರ್ಷ ತುಂಬಿದ ದಿನ. ಅವ್ವ ಬೆರಳು ಮಡಿಚಿ ಲೆಕ್ಕ ಹಾಕಿದಳು. ಇನ್ನು ಒಂಬತ್ತು ತಿಂಗಳು, ಮೂವತ್ತೊಂಬತ್ತು ಭಾನುವಾರ. ಕೈಯ ಹಿಟ್ಟು ಉದುರಿಸಿಕೊಂಡು ನನ್ನ ಮುಂದೆ ಅಂಗೈ ಚಾಚಿದಳು.

"ನಿನ್ನಂಗಡಿಯಾಗಿಂದ ನನಗೊಂದು ಪೆನ್ಸಿಲ್ಲು ತಂದ್ಕೊಡು."

ನನ್ನದು ಕಾಲೇಜಿನ ಗೇಟಿನ ಬಳಿ ಜೆರಾಕ್ಸ್ ಅಂಗಡಿ. ಪೆನ್ಸಿಲ್ಲು, ರಬ್ಬರು, ಪರೀಕ್ಷೆ ಬರೆಯುವ ರಟ್ಟು ಎಲ್ಲ ಇಟ್ಟಿದ್ದೇನೆ. ಅರವತ್ತೆರಡು ವರ್ಷದ, ನಾಲ್ಕನೇ ಕ್ಲಾಸು ಓದಿದ ನನ್ನ ಅವ್ವ ಪೆನ್ಸಿಲ್ಲನ್ನು ತುರುಬಿಗೆ ಸಿಕ್ಕಿಸಿಕೊಂಡು ಮುಂದಿನ ಭಾನುವಾರ ಗುಡ್ಡ ಹತ್ತಿದಾಗ ಬೀದಿಯವರು ನಕ್ಕರು. ಶಶಿರೇಖಾ ನಗಲಿಲ್ಲ. "ಅತ್ತೆ, ಬಿಸಿಲಿದೆ, ಕೊಡೆ ತಗೊಂಡು ಹೋಗಿ," ಎಂದಳು. ಆ ದಿನ ಆ ಮಾತಿನಲ್ಲಿ ಇನ್ನೂ ನಿಜವಾದ ಕಾಳಜಿಯಿತ್ತು.

ಅವ್ವ ಸಮಾಜಶಾಸ್ತ್ರ ಬರೆದಳು. ಎಪ್ಪತ್ತೊಂದು ಬಂತು.

ನಾನು ದಂಗಾಗಿ ಹೇಗೆ ಬರೆದೆ ಎಂದು ಕೇಳಿದೆ. ಅವ್ವ ಈ ಸೀಮೆಯಲ್ಲಿ ಅರವತ್ತು ಮದುವೆ ಕೂಡಿಸಿದವಳು. ಎಲೆಗೆ ಸುಣ್ಣ ಹಚ್ಚುತ್ತ ಹೇಳಿದಳು: "ಅದ್ರಾಗೇನೈತೋ? ಒಂದು ಪ್ರಶ್ನೆ ಅಂದ್ರೆ ಒಂದು ಹುಡುಗಿ. ನಾಲ್ಕು ಗಂಡು ಬಂದು ಸಾಲಾಗಿ ಕೂತಿರ್ತಾವೆ. ಮೊದಲನೇದು ನೋಡಾಕೆ ಚಂದ, ಆದ್ರೆ ಮಾತು ಅರ್ಧಕ್ಕೇ ನಿಲ್ಲಿಸ್ತೈತೆ, ಅದು ಬ್ಯಾಡ. ಇನ್ನೊಂದು 'ಯಾವಾಗಲೂ', 'ಎಂದಿಗೂ' ಅಂತ ಆಣೆ ಮಾಡ್ತೈತೆ. ಆಣೆ ಮಾಡೋ ಗಂಡನ್ನ ನಂಬಬಾರದು. ಕೊನೇಗೊಬ್ಬ 'ಮೇಲಿನ ಎಲ್ಲವೂ' ಅಂತಾನೆ. ನೌಕರೀನೂ ಐತೆ, ಹೊಲಾನೂ ಐತೆ, ಗುಣಾನೂ ಐತೆ ಅನ್ನೋನು. ಅವನು ಒಂದೊಂದು ಸಲ ನಿಜ ಹೇಳ್ತಾನೆ, ಅವನ್ನ ಎರಡು ಸಲ ನೋಡಬೇಕು. ಉಳಿದೋನು ಸಪ್ಪಗೆ, ತಲೆ ಬಗ್ಗಿಸ್ಕೊಂಡು ಕೂತಿರ್ತಾನಲ್ಲ, ಹುಡುಗಿ ಅವನಿಗೇ."

"ಪ್ರಶ್ನೆ ಅರ್ಥ ಆಗದಿದ್ರೆ?"

"ಹುಡುಗಿನ ಪೂರ್ತಿ ಅರ್ಥ ಮಾಡ್ಕೊಂಡು ಯಾವನಾದ್ರೂ ಮದುವೆ ಮಾಡಿಸಿದಾನೇನೋ?"

ಈ ವಿದ್ಯೆಯಿಂದ ಅವ್ವ ಮನಶ್ಶಾಸ್ತ್ರ ಪಾಸಾದಳು, ವಾಣಿಜ್ಯ ಕಾನೂನು ಪಾಸಾದಳು, ಭೂಗರ್ಭಶಾಸ್ತ್ರದಲ್ಲಿ ಅರವತ್ತನಾಲ್ಕು ತೆಗೆದಳು. ಶಿಶು ಬೆಳವಣಿಗೆ ಎಂಬ ಪತ್ರಿಕೆಯಲ್ಲಿ ಮಾತ್ರ ಅವಳಿಗೆ ಮೂವತ್ತೆಂಟೇ ಬಂದದ್ದು. ಅಲ್ಲಿ ಅವಳು ಗಂಡುಗಳನ್ನು ನೋಡದೆ ತನಗೆ ಗೊತ್ತಿದ್ದುದನ್ನೇ ಬರೆದಿದ್ದಳು. ಮಲ್ಲಾರಿ ವಾರವಾರವೂ ನಮ್ಮ ಬಾಗಿಲಿಗೆ ಏಣಿ ಹಾಕತೊಡಗಿದ. ಶಶಿರೇಖಾ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಗೈಡು ಓದಿ, ಎರಡೇ ತಿಂಗಳಲ್ಲಿ ನೂರ ಹದಿನೇಳಕ್ಕೆ ಏರಿ ಅಲ್ಲಿ ಪಟ್ಟಾಗಿ ಕೂತಳು. ಅದಕ್ಕಿಂತ ಮೇಲೆ ಜಾಗವಿರಲಿಲ್ಲ. ಕೆಳಗಿನಿಂದ ಅವ್ವ ಬರುತ್ತಲೇ ಇದ್ದಳು.

ಅತ್ತೆ ಸೊಸೆ ಜಗಳವಾಡಿದ್ದರೆ ನನಗೆ ಸುಲಭವಿತ್ತು. ಇವರಿಬ್ಬರೂ ಮರ್ಯಾದೆಗೆ ಇಳಿದರು. "ಅತ್ತೆ, ಮೊದಲು ನೀವು ಊಟ ಮಾಡಿ." "ಇಲ್ಲ ತಾಯಿ, ನೂರ ಹದಿನೇಳು ಇದ್ದೋರು ಮೊದ್ಲು ಉಣ್ಣಬೇಕು." ಹೀಗೆ ಒಬ್ಬರಿಗೊಬ್ಬರು ಹೇಳುವಷ್ಟರಲ್ಲಿ ನನ್ನ ಸಾರು ತಣ್ಣಗಾಗುತ್ತಿತ್ತು. ಒಬ್ಬಳು ಮಗುವನ್ನು ಹಾಲಮ್ಮ ಎಂದು ಕರೆದು ಆಡಿಸಿದರೆ, ಇನ್ನೊಬ್ಬಳು ಎತ್ತಿಕೊಂಡು ಝಿಯಾನ್ಷಿ ಎಂದು ಮುದ್ದಿಸುವಳು. ಮಗು ಎರಡಕ್ಕೂ ತಿರುಗಿ ನೋಡುತ್ತಿರಲಿಲ್ಲ. ಕುಕ್ಕರ್ ಕೂಗಿದರೆ ಮಾತ್ರ ತಿರುಗುತ್ತಿತ್ತು.

ವರ್ಷ ತುಂಬುವುದು ಒಂದು ಬುಧವಾರ. ಅದರ ಹಿಂದಿನ ಭಾನುವಾರಕ್ಕೆ ಇನ್ನೊಂದು ವಾರವಿರುವಾಗ ಅವ್ವನಿಗೆ ನೂರ ಹದಿನಾಲ್ಕಾಗಿತ್ತು. ಇನ್ನೊಂದು ಪಾಸಾದರೆ ನೂರ ಹದಿನೇಳು, ಇಬ್ಬರದೂ ಸಮ. ಸಮ ಬಂದರೆ ವಯಸ್ಸಿನಲ್ಲಿ ಹಿರಿಯರ ಮಾತು ನಡೆಯುತ್ತದೆ. ಆದರೆ ಮೂರು ಕ್ರೆಡಿಟ್ಟಿನ ಪತ್ರಿಕೆಗಳನ್ನೆಲ್ಲ ಅವ್ವ ಮುಗಿಸಿದ್ದಳು, ಉಳಿದದ್ದು ಬೀಜಗಣಿತ ಒಂದೇ. ನಮ್ಮೂರಿನವರು ಬೀಜಗಣಿತದ ಹತ್ತಿರ ಹೋಗುವುದಿಲ್ಲ. ಅದನ್ನು ಪಾಸು ಮಾಡಿದವಳು ಶಶಿರೇಖಾ ಒಬ್ಬಳೇ, ಅದೂ ಮದುವೆಗೆ ಮುಂಚೆ ತವರೂರಿನಲ್ಲಿ ಕಲಿತಿದ್ದ ಬಲದಿಂದ.

ಅವ್ವ ನನ್ನ ಅಂಗಡಿಗೆ ಬಂದು ಪುಸ್ತಕ ಬಿಚ್ಚಿದಳು. "ಈ ಎಕ್ಸು ಅನ್ನೋನು ಯಾರೋ?"

"ಎಕ್ಸ್ ಅಂದ್ರೆ ಗೊತ್ತಿಲ್ಲದ್ದು ಅವ್ವ. ಅದನ್ನ ಕಂಡುಹಿಡೀಬೇಕು."

"ಗೊತ್ತಿಲ್ಲದೋನಿಗೆ ಹೆಣ್ಣು ಕೊಡ್ತಾರೇನೋ?" ಎಂದು ಪುಸ್ತಕ ಮುಚ್ಚಿದಳು. ಆದರೂ ಮುಖದಲ್ಲಿ ಧೈರ್ಯವಿತ್ತು. ಮನೆಗೆ ಹೋಗಿ ಸೊಸೆಗೆ ಕೇಳುವಂತೆ, "ಬೀಜಗಣಿತ ಏನೂ ಇಲ್ಲ, ನೀರು ಕುಡಿದಂಗೆ," ಎಂದಳಂತೆ.

ಶಶಿರೇಖಾಗೆ ಅಂದು ಊಟ ಸೇರಲಿಲ್ಲ. ಮರುದಿನ ಅವಳೂ ಅಂಗಡಿಗೆ ಬಂದಳು. ಕಾಲೇಜಿನ ಪಟ್ಟಿಯಲ್ಲಿ ಪ್ರಥಮ ಚಿಕಿತ್ಸೆ ಎಂಬ ಒಂದೇ ಒಂದು ಪತ್ರಿಕೆಗೆ ಮೂರರ ಬದಲು ಎರಡು ಕ್ರೆಡಿಟ್ಟು. ಅದನ್ನು ಬರೆದರೆ ನೂರ ಹತ್ತೊಂಬತ್ತಾಗುತ್ತದೆ, ಅತ್ತೆ ಪಾಸಾದರೂ ಭಯವಿಲ್ಲ ಎಂದು ಅವಳ ಲೆಕ್ಕ.

"ನಿನಗೆ ಅರವತ್ತು ದಾಟಿದ್ರೆ?" ಎಂದೆ. "ದುಪ್ಪಟ್ಟಾಗುತ್ತೆ. ನಾಲ್ಕು. ನೂರ ಇಪ್ಪತ್ತು ದಾಟಿಬಿಡ್ತೀಯ."

"ನಾನೇನು ದಡ್ಡಿನಾ? ಸರಿಯಾಗಿ ನಲವತ್ತೈದಕ್ಕೆ ಬರೀತೀನಿ. ಮಿಕ್ಕಿದ್ದು ತಪ್ಪು ಮಾಡ್ತೀನಿ. ತಪ್ಪು ಮಾಡೋಕೂ ಉತ್ತರ ಗೊತ್ತಿರಬೇಕು ರೀ, ಅದಕ್ಕೇ ಓದ್ತಿದೀನಿ."

ಈಗ ನಾನೊಂದು ವಿಷಯ ಹೇಳಬೇಕು. ಮನೆಯಲ್ಲಿ ಇದನ್ನು ಇವತ್ತಿನವರೆಗೂ ಹೇಳಿಲ್ಲ. ಪ್ರಶ್ನೆಪತ್ರಿಕೆ ಜೆರಾಕ್ಸ್ ಆಗುವುದು ನನ್ನ ಅಂಗಡಿಯಲ್ಲೇ, ಪ್ರತಿ ಶನಿವಾರ ಮಧ್ಯಾಹ್ನ. ಮಲ್ಲಾರಿ ಬಂದು ಷಟರ್ ಎಳೆದು, ಪ್ರಶ್ನೆಗಳು ನನ್ನ ಕಣ್ಣಿಗೆ ಬೀಳಬಾರದೆಂದು ತನ್ನ ಟವೆಲಿನಿಂದ ನನ್ನ ಕಣ್ಣು ಕಟ್ಟುತ್ತಾನೆ. ಬಾಗಿಲ ಮೇಲಿನ ಹೆಸರು, ಅಂಕಿ ಬಿಟ್ಟರೆ ಅವನಿಗೆ ಬೇರೇನೂ ಓದಲು ಬರದು, ಅದಕ್ಕೇ ಅವನಿಗೆ ಆ ಕೆಲಸ. ನಾನು ಕುರುಡನಂತೆ ತಡವಿ ತಡವಿ ಹಾಳೆ ಇಡುತ್ತೇನೆ, ಗುಂಡಿ ಒತ್ತುತ್ತೇನೆ. ಆರು ವರ್ಷದಲ್ಲಿ ಒಂದು ದಿನವೂ ತಪ್ಪಾಗಿರಲಿಲ್ಲ. ಆ ಶನಿವಾರ ಮಾತ್ರ ಅವ್ವ ಗೆಲ್ಲಲಿ ಎಂದು ಒಂದು ಸಲ, ಶಶಿ ಗೆಲ್ಲಲಿ ಎಂದು ಒಂದು ಸಲ, ಇಬ್ಬರೂ ಗೆದ್ದರೆ ನಾನೆಲ್ಲಿ ಮಲಗಲಿ ಎಂದು ಇನ್ನೊಂದು ಸಲ ಯೋಚಿಸುತ್ತ, ಪ್ರಥಮ ಚಿಕಿತ್ಸೆಯ ಮೂರನೇ ಹಾಳೆಯನ್ನು ಎರಡು ಸಲ ಒತ್ತಿಬಿಟ್ಟೆ. ನಾಲ್ಕನೆಯ ಹಾಳೆ ಮಲ್ಲಾರಿಯ ಕಾಲಡಿಯಲ್ಲಿ ಉಳಿಯಿತು.

ಭಾನುವಾರ ಇಬ್ಬರೂ ಒಂದೇ ಕೊಡೆಯಲ್ಲಿ ಗುಡ್ಡ ಹತ್ತಿದರು. ಮಗು ನನ್ನ ಬಳಿ ಅಂಗಡಿಯಲ್ಲಿ ರಬ್ಬರು ಚೀಪುತ್ತ ಕೂತಿತ್ತು. ಎರಡು ಗಂಟೆಯ ಮೇಲೆ ಇಬ್ಬರೂ ಇಳಿದು ಬಂದರು. ಶಶಿರೇಖಾಳ ಮುಖ ಕಳೆಗಟ್ಟಿತ್ತು. ಅವ್ವ ಬೆಂಚಿನ ಮೇಲೆ ಕೂತು ನೀರು ಕುಡಿದು, ನನಗೆ ಮಾತ್ರ ಕೇಳುವಂತೆ ಹೇಳಿದಳು:

"ನಾಲ್ಕು, ಮೈನಸ್ ನಾಲ್ಕು, ಕಾಲು, ಹದಿನಾಲ್ಕು. ನಾಲ್ಕು ಗಂಡೂ ಒಂದೇ ಮುಖ ಕಣೋ ತಿಪ್ಪೇಶ. ಒಬ್ಬನೂ ಬಾಯಿ ಬಿಡವಲ್ಲ. ಯಾರನ್ನ ಅಂತ ಆರಿಸ್ಲಿ?"

ಸೋಮವಾರ ಬೆಳಿಗ್ಗೆ ಕಾಲೇಜಿನ ಗೋಡೆಗೆ ಫಲಿತಾಂಶ ಅಂಟಿಸಿದರು. ಅರ್ಧ ಊರು ನೆರೆದಿತ್ತು. ನಾನು ಮಗುವನ್ನು ಹೆಗಲಮೇಲೆ ಕೂರಿಸಿಕೊಂಡು ನುಗ್ಗಿದೆ. ಕೊಟ್ರಮ್ಮ, ಬೀಜಗಣಿತ: ಹನ್ನೊಂದು, ನಪಾಸು. ಶಶಿರೇಖಾ ನನ್ನ ತೋಳು ಹಿಡಿದು ಕುಣಿಯುವುದೊಂದು ಬಾಕಿ. ಆಮೇಲೆ ನಾನು ಕೆಳಗಿನ ಸಾಲು ಓದಿದೆ. ಪ್ರಥಮ ಚಿಕಿತ್ಸೆ: ಇಪ್ಪತ್ತು ಪ್ರಶ್ನೆಗಳು ಅಚ್ಚಾಗದೇ ಇದ್ದುದರಿಂದ ಎಲ್ಲರಿಗೂ ಇಪ್ಪತ್ತು ಕೃಪಾಂಕ ನೀಡಲಾಗಿದೆ. ಶಶಿರೇಖಾ: ಅರವತ್ತೈದು.

ಅವಳು ಒಂದು ಸಲ ಓದಿದಳು. ಬೆರಳಿಟ್ಟು ಇನ್ನೊಂದು ಸಲ ಓದಿದಳು. "ನನಗೆ ಕೃಪೆ ಬೇಡ ಅಂತ ಅರ್ಜಿ ಕೊಡಬಹುದಾ?" ಎಂದು ಅಲ್ಲಿದ್ದ ಮಲ್ಲಾರಿಯನ್ನು ಕೇಳಿದಳು. ಕೊಟ್ಟ ಕೃಪೆಯನ್ನು ವಾಪಸು ತೆಗೆದುಕೊಳ್ಳುವ ಪದ್ಧತಿ ಇಲ್ಲ ಎಂದು ಅವನೆಂದ. ನಾನು ಮಗುವಿನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡು ನೆಲ ನೋಡುತ್ತ ನಿಂತಿದ್ದೆ.

ನೂರ ಹದಿನೇಳಕ್ಕೆ ನಾಲ್ಕು ಸೇರಿ ನೂರ ಇಪ್ಪತ್ತೊಂದು. ಕಾಲೇಜು ನೂರ ಇಪ್ಪತ್ತು ತೆಗೆದುಕೊಂಡಿತು. ಅಂದು ಸಂಜೆ ನಮ್ಮ ಬಾಗಿಲ ಮೇಲೆ ಬರೆದದ್ದು: ಕೊಟ್ರಮ್ಮ ನೂರ ಹದಿನಾಲ್ಕು, ತಿಪ್ಪೇಶ ಒಂಬತ್ತು, ಶಶಿರೇಖಾ ಒಂದು. ಮದುವೆಯಾಗಿ ಐದು ವರ್ಷಕ್ಕೆ ನಾನು ಮೊದಲ ಬಾರಿಗೆ ಹೆಂಡತಿಗಿಂತ ಮೇಲಿದ್ದೆ. ಏಣಿ ಇಳಿಯುತ್ತ ಮಲ್ಲಾರಿ ನನ್ನ ಕೈ ಕುಲುಕಿದ. ಆ ಹುಮ್ಮಸ್ಸಿನಲ್ಲಿ ಒಳಗೆ ಹೋಗಿ ಇನ್ನೊಂದು ಲೋಟ ಕಾಫಿ ಬೇಕೆಂದೆ. ಶಶಿರೇಖಾ ತಲೆ ಎತ್ತಿ ನೋಡಿದಳು. ಕಾಫಿಯನ್ನು ನಾನೇ ಮಾಡಿಕೊಂಡೆ, ಅವಳಿಗೂ ಒಂದು ಲೋಟ ಕೊಟ್ಟೆ.

"ಸುಮ್ನೆ ಮನೇಲಿ ಕೂತಿದ್ರೆ ಸಾಕಾಗಿತ್ತು," ಎಂದಳು. ಕಾಫಿ ಕುಡಿಯಲಿಲ್ಲ. "ಅತ್ತೆ ಫೇಲಾಗಿದ್ರು. ನಾನು ಪಾಸಾಗಿ ಸೋತೆ. ಇಂಥಾದ್ದು ಎಲ್ಲಾದ್ರೂ ಉಂಟಾ?"

ಬುಧವಾರ ಹೆಸರಿಟ್ಟೆವು. ಅವ್ವ ಇಳಕಲ್ ಸೀರೆ ಉಟ್ಟು, ಮಗುವನ್ನು ಎತ್ತಿಕೊಂಡು, ಕಿವಿಯಲ್ಲಿ ಮೂರು ಸಲ ಉಸುರಿ ಆಮೇಲೆ ಬೀದಿಗೆಲ್ಲ ಕೇಳುವಂತೆ "ಹಾಲಮ್ಮ!" ಎಂದಳು. ಹೋಳಿಗೆ ಬಡಿಸುತ್ತಿದ್ದ ಶಶಿರೇಖಾ ಒಂದು ಹನಿ ತುಪ್ಪವನ್ನೂ ಚೆಲ್ಲಲಿಲ್ಲ. ಎಲ್ಲರಿಗೂ ಎರಡೆರಡು ಸಲ ಕೇಳಿ ಬಡಿಸಿದಳು. ಅವ್ವ ಗೆದ್ದಿದ್ದಳು. ಆದರೆ ಊಟಕ್ಕೆ ಬಂದ ಟೈಲರ್ ಹೊನ್ನಪ್ಪನ ತಂದೆ ಎಲೆ ಮುಂದೆ ಕೂತು, "ಏನ್ ಕೊಟ್ರಮ್ಮ, ಹನ್ನೊಂದಂತೆ!" ಎಂದು ನಕ್ಕದ್ದು ಅವಳಿಗೆ ಹೋಳಿಗೆಯೊಳಗಿನ ಕಲ್ಲಿನಂತೆ ಸಿಕ್ಕಿಕೊಂಡಿತು.

ಆ ಊಟಕ್ಕೆ ಕರೆಯದೇ ಬಂದ ಇನ್ನೊಬ್ಬರು ಕಾಲೇಜಿನ ಪ್ರಾಂಶುಪಾಲ ಗುರುಪಾದಪ್ಪನವರು. ಕಂಕುಳಲ್ಲಿ ಕಟ್ಟು ಹಾಕಿಸಿದ ಪದವಿ ಪತ್ರ, ಕೈಯಲ್ಲಿ ಸೇವಂತಿಗೆ ಹಾರ. ಹಾರವನ್ನು ಶಶಿರೇಖಾಳ ಕೈಗೆ ಕೊಟ್ಟು, ಅವಳ ಮುಂದೆ ಕೈ ಮುಗಿದು ನಿಂತರು.

"ತಾಯಿ, ಪಾಠ ಹೇಳೋರು ಪದವೀಧರರೇ ಆಗಿರಬೇಕು ಅಂತ ಕಾಯಿದೆ. ನಿಮ್ಮನ್ನ ಬಿಟ್ರೆ ಊರಲ್ಲಿ ಪದವೀಧರರೇ ಇಲ್ಲ. ಹೊರಗಿನೋರು ಬಂದ್ರೆ, ಬಾಗಿಲ ಮೇಲೆ ಬರೆಸೋಕೆ ಬರೀ ಸೊನ್ನೆ ಅಂತ ಬಾಡಿಗೆ ಮನೆ ಯಾರೂ ಕೊಡಲ್ಲ, ಓಡಿಹೋಗ್ತಾರೆ. ಇಪ್ಪತ್ತೆರಡು ವರ್ಷದಿಂದ ಖಾಲಿ ಕೋಣೆಗಳಿಗೆ ನಾನು ಪ್ರಾಂಶುಪಾಲ. ಬೀಜಗಣಿತದಲ್ಲಿ ಊರಿಗೆ ಊರೇ ಫೇಲು. ನೀವು ಬಂದು ಪಾಠ ಹೇಳಬೇಕು."

ಶಶಿರೇಖಾ ಅವ್ವನ ಕಡೆ ನೋಡಿದಳು. ಮನೆಯಲ್ಲೀಗ ಅಪ್ಪಣೆ ಕೊಡಬೇಕಾದವಳು ಅವಳು. ಅವ್ವ ಎಲೆಯಡಿಕೆ ಬಾಯಿಗಿಟ್ಟು ಒಂದಷ್ಟು ಹೊತ್ತು ಅಗಿದಳು.

"ಹೋಗ್ಲಿ," ಎಂದಳು. "ಆದ್ರೆ ಒಬ್ಬಳೇ ಅಲ್ಲ. ನಾನೂ ಬರ್ತೀನಿ. ನನಗೆ ಆ ಎಕ್ಸನ್ನ ನೋಡಬೇಕು. ಹನ್ನೊಂದು ಮಾರ್ಕಂತೆ! ಬೀದಿಯೋರೆಲ್ಲ ನೋಡ್ಯಾರೆ."

ಮುಂದಿನ ಸೋಮವಾರ ಹತ್ತು ಗಂಟೆಗೆ ಕಾಲೇಜಿನ ಒಂದು ಕೋಣೆಯ ಬೀಗ ಒಡೆದರು, ಕೀಲಿ ಎಲ್ಲಿದೆಯೆಂದು ಯಾರಿಗೂ ನೆನಪಿರಲಿಲ್ಲ. ಪಾರಿವಾಳಗಳನ್ನು ಓಡಿಸಿ ಬೆಂಚು ಒರೆಸಿದರು. ಪಾಠ ಕೇಳಲು ಒಂಬತ್ತು ಜನ ಬಂದಿದ್ದರು. ಟೈಲರ್ ಹೊನ್ನಪ್ಪನ ತಂದೆ ಮುಖ ಮರೆಸಿಕೊಂಡು ಹಿಂದಿನ ಬೆಂಚು ಹಿಡಿದಿದ್ದರು; ಅವರಿಗೂ ಹಿಂದೊಮ್ಮೆ ಬೀಜಗಣಿತದಲ್ಲಿ ಒಂಬತ್ತು ಬಂದಿತ್ತೆಂದು ಆಗ ತಿಳಿಯಿತು. ಮೊದಲ ಬೆಂಚಿನಲ್ಲಿ ನನ್ನ ಅವ್ವ ಸ್ಲೇಟು ಹಿಡಿದು ಕೂತಿದ್ದಳು. ತೊಡೆಯ ಮೇಲೆ ಮಗು. ಅಂಗಡಿಯಲ್ಲಿ ಅದು ರಬ್ಬರುಗಳನ್ನು ತಿನ್ನುತ್ತಿದ್ದುದರಿಂದ ನಾನು ಇಟ್ಟುಕೊಳ್ಳುವಂತಿರಲಿಲ್ಲ. ಲೆಕ್ಕದ ಹಾಳೆಗಳ ಜೆರಾಕ್ಸ್ ಕೊಡುವ ನೆಪದಿಂದ ನಾನೂ ಬಾಗಿಲಲ್ಲಿ ನಿಂತೆ.

ಗುರುಪಾದಪ್ಪನವರು ಹೊಸ ಹಾಜರಿ ಪುಸ್ತಕ ತಂದು ಮೇಜಿನ ಮೇಲಿಟ್ಟು, "ಕೋಣೆ ಒಳಗೆ ಕೂತೋರ ಹೆಸರು, ಒಂದು ಬಿಡದಂತೆ ಇದರಲ್ಲಿರಬೇಕು. ಬರೆಯೋದು ಉಪನ್ಯಾಸಕರ ಕೆಲಸ," ಎಂದು ಹೇಳಿ ಹೋದರು. ಶಶಿರೇಖಾ ಬೆಂಚುಗಳನ್ನು ಒಂದು ಸುತ್ತು ನೋಡಿ, ಪೆನ್ನು ತೆಗೆದು, ನಿಧಾನವಾಗಿ ಬರೆದಳು. ಬರೆದಾದ ಮೇಲೆ ಎದ್ದು ನಿಂತು, ಮೊದಲ ಹೆಸರಿನ ಮೇಲೆ ಬೆರಳಿಟ್ಟು ತಡೆದಳು.

ಅವಳು ಯಾಕೆ ತಡೆದಳೆಂದು ನನಗೆ ಗೊತ್ತಾಯಿತು. ಮದುವೆಯಾಗಿ ಬಂದಂದಿನಿಂದ ಅವಳು ಅತ್ತೆಯ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ. ಕೊಟ್ಟೂರಿಗೆ ಹೋಗುವ ಬಸ್ಸನ್ನೂ "ಆ ಊರಿನ ಬಸ್ಸು" ಎನ್ನುವವಳು.

"ಕೊಟ್ರಮ್ಮ," ಎಂದಳು.

ಅವ್ವ ಮೊದಲು ತನ್ನ ಹಿಂದೆ ತಿರುಗಿ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಸ್ಲೇಟು.

"ಹಾಜರ್, ಮೇಡಂ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಶಶಿರೇಖಾ ಪುಸ್ತಕದಿಂದ ತಲೆಯೆತ್ತಲಿಲ್ಲ. ಅವ್ವನ ಹೆಸರಿನ ಮುಂದೆ ಗೀಟು ಹಾಕಿ, ಮುಂದಿನ ಹೆಸರು ಓದಿದಳು.

"ಝಿಯಾನ್ಷಿ."

ಅವ್ವ ಇನ್ನೂ ನಿಂತೇ ಇದ್ದಳು. ಅವಳ ಮುಖ ಕೆಂಪಗಾಯಿತು, ಬಾಯಿ ತೆರೆಯಿತು, ಮುಚ್ಚಿತು. ಶಶಿರೇಖಾ ಇನ್ನೊಂದು ಸಲ ಕರೆದಳು. "ಗೈರುಹಾಜರಾ?" ಎಂದು ಮೆಲ್ಲಗೆ ತನ್ನಷ್ಟಕ್ಕೇ ಕೇಳಿಕೊಂಡಂತೆ ಹೇಳಿ, ಪೆನ್ನನ್ನು ಆ ಚೌಕದ ಮೇಲೆ ತಂದಳು.

ಕಾಲೇಜಿಗೆ ಬಂದ ಮೊದಲನೇ ದಿನವೇ ಮೊಮ್ಮಗಳಿಗೆ ಗೈರುಹಾಜರಿ! ಅವ್ವ ಸ್ಲೇಟನ್ನು ಬೆಂಚಿನ ಮೇಲೆ ಕುಕ್ಕಿದಳು. ಮಗುವಿನ ಬಲಗೈಯನ್ನು ಹಿಡಿದು ಸಾಧ್ಯವಾದಷ್ಟು ಎತ್ತರಕ್ಕೆ ಎತ್ತಿದಳು.

"ಹಾಜರ್!" ಎಂದಳು.